ಅಳಿವೆಯಲ್ಲಿ ದೋಣಿ ತಳ ಹಿಡಿಯುವುದು: ಒಂದು ಅಧ್ಯಯನ ಟಿಪ್ಪಣಿ

ಬಾಗಲಕೋಟೆಯಲ್ಲಿ ಕುಳಿತು ಉಬ್ಬರವಿಳಿತವನ್ನು ಓದುವ ನಮಗೆಲ್ಲ ಇರುವ ತೊಡಕು ಒಂದೇ. ನಾವು ಕಂಡ ದೊಡ್ಡ ನೀರೆಂದರೆ ಆಲಮಟ್ಟಿಯ ಹಿನ್ನೀರು. ಒಮ್ಮೆ ಬೇಸಿಗೆಯಲ್ಲಿ ಬೀಳಗಿ ಕಡೆಯ ಹಿನ್ನೀರಿನಲ್ಲಿ ನಾನಿದ್ದ ದೋಣಿ ಮುಳುಗಿದ ಹೊಲವೊಂದರ ಒಡ್ಡಿಗೆ ತಾಗಿ ನಿಂತಿತು. ಅಂಬಿಗನು ಧೋತರ ಮೇಲೆ ಕಟ್ಟಿ ಮೊಣಕಾಲುದ್ದ ನೀರಿಗಿಳಿದು, ನಮ್ಮಲ್ಲಿ ನಾಲ್ವರನ್ನು ಇಳಿಸಿ, ಹುಟ್ಟಿನಿಂದ ಒತ್ತಿ ದೋಣಿಯನ್ನು ಬಿಡಿಸಿದನು. ಅಲ್ಲಿ ಅವಸರವೇನೂ ಇರಲಿಲ್ಲ, ಏಕೆಂದರೆ ಹಿನ್ನೀರಿನ ಮಟ್ಟ ತಿಂಗಳುಗಟ್ಟಲೆ ನಿಧಾನವಾಗಿ ಇಳಿದು, ಮತ್ತೆ ಏರಲು ಮಹಾರಾಷ್ಟ್ರದ ಮಳೆಯನ್ನು ಕಾಯುತ್ತದೆ. ಅಳಿವೆಯಲ್ಲಿ, ಅಂದರೆ ನದಿಯು ಸಮುದ್ರವನ್ನು ಸೇರುವ ಉಪ್ಪುಸಿಹಿ ನೀರಿನ ಭಾಗದಲ್ಲಿ, ಅದೇ ಏರಿಳಿತ ಸುಮಾರು ಹನ್ನೆರಡೂವರೆ ಗಂಟೆಯೊಳಗೆ ಮುಗಿಯುತ್ತದೆ. ಆದ್ದರಿಂದ ಅಲ್ಲಿ ದೋಣಿ ಎಲ್ಲಿ ತಳ ತಾಗಿತು ಎನ್ನುವುದಕ್ಕಿಂತ ಯಾವಾಗ ತಾಗಿತು ಎನ್ನುವುದನ್ನೇ ಮೊದಲು ಕೇಳಬೇಕು ಎಂಬುದು ನನ್ನ ಅಭಿಪ್ರಾಯ.

ಉದಾಹರಣೆಗೆ ದೂರ ಹೋಗಬೇಕಾಗಿಲ್ಲ. ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನಲ್ಲಿ ಹುಟ್ಟುವ ಎರಡು ನದಿಗಳಲ್ಲಿ ಮಲಪ್ರಭೆಯು ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರಿದರೆ, ಮಹದಾಯಿಯು ಪಶ್ಚಿಮಕ್ಕೆ ಇಳಿದು ಗೋವೆಯಲ್ಲಿ ಮಾಂಡೋವಿಯೆನಿಸಿಕೊಂಡು ಪಣಜಿಯ ಬಳಿ ಸಮುದ್ರ ಸೇರುತ್ತದೆ. ಆ ಅಳಿವೆಯಲ್ಲಿ ಉಬ್ಬರವಿಳಿತದ ಪ್ರಭಾವವು ಸುಮಾರು 50 ಕಿ.ಮೀ. ಒಳನಾಡಿನವರೆಗೂ ಕಾಣುತ್ತದೆ. ಅದರ ಬಾಯಲ್ಲಿರುವ ಆಗ್ವಾದದ ಮರಳ ದಿಬ್ಬ ಮಳೆಗಾಲದಲ್ಲಿ ಅಪಾಯಕಾರಿಯಾಗುವುದರಿಂದ, ಅದಿರು ಸಾಗಿಸುವ ಬಾರ್ಜುಗಳು ಆ ತಿಂಗಳುಗಳಲ್ಲಿ ಕುಂಬಾರ್ಜುವಾ ಕಾಲುವೆಯ ಮೂಲಕ ಜುವಾರಿ ನದಿಗೆ ದಾಟುವ ರೂಢಿ ಬೆಳೆಯಿತು. 2017ರ ಜುಲೈನಲ್ಲಿ ಮಾಂಡೋವಿಗೆ ತರುತ್ತಿದ್ದ ಕ್ಯಾಸಿನೋ ಹಡಗೊಂದು ಮಿರಾಮಾರ್ ದಂಡೆಯ ಬಳಿ ಮರಳಿಗೇರಿದ್ದು ಇದೇ ಬಾಯಲ್ಲಿ.

ದಿಬ್ಬಗಳು ಅಳಿವೆಯಲ್ಲೇ ಏಕೆ ಎದ್ದು ನಿಲ್ಲುತ್ತವೆ ಎಂಬುದಕ್ಕೆ ಎರಡು ಕಾರಣಗಳನ್ನು ಬೇರೆಬೇರೆಯಾಗಿ ನೆನಪಿಡಬೇಕು. ಬಾಯಿಯ ಹತ್ತಿರ ಅಲೆಗಳು ದಂಡೆಯುದ್ದಕ್ಕೂ ತಳ್ಳಿ ತರುವ ಉಸುಕು ನದಿಯ ಹರಿವಿಗೆ ಎದುರಾಗಿ ಅಡ್ಡಲಾಗಿ ಕೂರುತ್ತದೆ. ಒಳಭಾಗದಲ್ಲಿ ನದಿ ತರುವ ನುಣುಪಾದ ಜೇಡಿಯ ಕಣಗಳು ಉಪ್ಪುನೀರು ಸೋಕಿದೊಡನೆ ಒಂದಕ್ಕೊಂದು ಅಂಟಿಕೊಂಡು, ಹಾಲು ಒಡೆದಂತೆ ಗಂಟುಗಂಟಾಗಿ ತಳಕ್ಕಿಳಿಯುತ್ತವೆ. ಉಸುಕಿನ ದಿಬ್ಬ ಒಂದೇ ಮಳೆಗಾಲದಲ್ಲಿ ಜಾಗ ಬದಲಿಸಬಲ್ಲದಾದ್ದರಿಂದ ಹಳೆಯ ನಕ್ಷೆಯನ್ನು ನಂಬುವಂತಿಲ್ಲ. ಕೆಸರು ಗಟ್ಟಿಯಾಗಿ ಬಡಿಯುವುದಿಲ್ಲ, ಆದರೆ ದೋಣಿಯ ತಳವನ್ನು ಹೀರಿ ಹಿಡಿದುಕೊಳ್ಳುತ್ತದೆ. ಎಂಜಿನ್ ತಣಿಸಲು ನೀರೆಳೆಯುವ ಕೊಳವೆಗೆ ಅದೇ ಕೆಸರು ನುಗ್ಗಿದರೆ ಎಂಜಿನ್ನೂ ಕಾದು ನಿಲ್ಲುತ್ತದೆ.

ಇನ್ನು ಲೆಕ್ಕಕ್ಕೆ ಬರೋಣ. ನಮ್ಮ ಓದುವ ಗುಂಪಿನಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲಿಯೇ. ಉಬ್ಬರವಿಳಿತದ ಕೋಷ್ಟಕದಲ್ಲಿ ಮುದ್ರಿಸಿರುವ ಅಂಕಿ ನೀರಿನ ಆಳವಲ್ಲ. ನಕ್ಷೆಯ ಆಧಾರಮಟ್ಟದ ಮೇಲೆ ನೀರು ಎಷ್ಟು ಎದ್ದಿದೆ ಎಂಬ ಎತ್ತರ. ಆ ಆಧಾರಮಟ್ಟವನ್ನು ನೀರು ಅತಿ ಕೆಳಗೆ ಇಳಿಯುವ ಹೊತ್ತಿನ ಮಟ್ಟಕ್ಕೆ ಸಮೀಪವಾಗಿ ಗೊತ್ತುಪಡಿಸಿರುತ್ತಾರೆ. ನಕ್ಷೆಯಲ್ಲಿನ ಆಳಕ್ಕೆ ಕೋಷ್ಟಕದ ಎತ್ತರವನ್ನು ಕೂಡಿಸಿದಾಗಲೇ ಆ ಹೊತ್ತಿನ ನಿಜವಾದ ಆಳ ದೊರೆಯುತ್ತದೆ.

ಎರಡನೆಯದಾಗಿ, ನೀರು ಒಂದೇ ವೇಗದಲ್ಲಿ ಇಳಿಯುವುದಿಲ್ಲ. ನಾವಿಕರು ಬಳಸುವ ಹನ್ನೆರಡನೇ ಭಾಗದ ಸೂತ್ರದ ಪ್ರಕಾರ, ಒಟ್ಟು ಇಳಿತವನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು, ಮುಂದೆ ಕ್ರಮವಾಗಿ ಎರಡು, ಮೂರು, ಮೂರು, ಎರಡು, ಕೊನೆಯ ಗಂಟೆಯಲ್ಲಿ ಒಂದು ಪಾಲು ಇಳಿಯುತ್ತದೆ. ಇದು ಅಂದಾಜಿನ ಸೂತ್ರ. ಮಳೆಗಾಲದಲ್ಲಿ ನದಿಯ ನೀರು ಕೂಡಿಕೊಂಡು ಅಳಿವೆಯ ಒಳಭಾಗದಲ್ಲಿ ಇಳಿತವು ಏರಿಕೆಗಿಂತ ಹೆಚ್ಚು ಹೊತ್ತು ನಡೆಯುವಲ್ಲಿ ಇದು ತಪ್ಪುತ್ತದೆ.

ಒಂದು ಕಲ್ಪಿತ ದಿನವನ್ನು ತೆಗೆದುಕೊಳ್ಳೋಣ. ಮಧ್ಯಾಹ್ನ 12ಕ್ಕೆ ಪೂರ್ಣ ಉಬ್ಬರ, ಎತ್ತರ 2.1 ಮೀಟರ್, ಸಂಜೆ 6ಕ್ಕೆ ಪೂರ್ಣ ಇಳಿತ, ಎತ್ತರ 0.3 ಮೀಟರ್. ದಿಬ್ಬದ ಮೇಲೆ ನಕ್ಷೆಯ ಆಳ 0.4 ಮೀಟರ್. ದೋಣಿಯ ಡ್ರಾಫ್ಟ್, ಅಂದರೆ ನೀರಿನೊಳಗೆ ಮುಳುಗಿರುವ ಭಾಗದ ಆಳ, 1.2 ಮೀಟರ್. ಹಾಗಾದರೆ ತೇಲಲು ಕನಿಷ್ಠ 0.8 ಮೀಟರ್ ಎತ್ತರ ಬೇಕು. ಸೂತ್ರದಂತೆ 1 ಗಂಟೆಗೆ 1.95, 2ಕ್ಕೆ 1.65, 3ಕ್ಕೆ 1.20, 4ಕ್ಕೆ 0.75 ಮೀಟರ್ ಆಗುತ್ತದೆ. 3 ಗಂಟೆ 53 ನಿಮಿಷದ ಸುಮಾರಿಗೆ ದೋಣಿ ತಳ ತಾಗುತ್ತದೆ. ನೀರು ಇಳಿದು ಮತ್ತೆ ಅದೇ 0.8 ಮೀಟರ್ ಮುಟ್ಟುವುದು ರಾತ್ರಿ 8 ಗಂಟೆ 7 ನಿಮಿಷಕ್ಕೆ. ಇಳಿಯುವ ನೀರಿನಲ್ಲಿ ತಾಗಿದವನು ನಾಲ್ಕು ಗಂಟೆಗೂ ಮಿಕ್ಕಿ ಕೂರಬೇಕು. ಅದೇ ದೋಣಿ, ಅದೇ ದಿಬ್ಬ, ಏರುವ ನೀರಿನಲ್ಲಿ ರಾತ್ರಿ 8ಕ್ಕೆ ತಾಗಿದ್ದರೆ ಏಳು ನಿಮಿಷ ಕಾದರೆ ಸಾಕು.

ಇಳಿತದಲ್ಲಿ ತಾಗಿದ ಮೊದಲ ಕೆಲವು ನಿಮಿಷಗಳಿಗೆ ಏಕೆ ಅಷ್ಟು ಬೆಲೆ ಎಂಬುದೂ ಇದೇ ಲೆಕ್ಕದಲ್ಲಿದೆ. 3.53ರಿಂದ 4ರವರೆಗಿನ ಏಳು ನಿಮಿಷದಲ್ಲಿ ನೀರು 5 ಸೆಂ.ಮೀ. ಇಳಿಯುತ್ತದೆ. ನೀರಿನ ಮಟ್ಟದಲ್ಲಿ ದೋಣಿಯ ವಿಸ್ತೀರ್ಣ 24 ಚದರ ಮೀಟರ್ ಎಂದಿಟ್ಟುಕೊಂಡರೆ, ಅಷ್ಟರಲ್ಲಿ 1.2 ಘನ ಮೀಟರ್ ನೀರಿನ ಆಸರೆ ತಪ್ಪಿ, ಸುಮಾರು 1.2 ಟನ್ ಭಾರ ತೇಲುವುದನ್ನು ಬಿಟ್ಟು ಉಸುಕಿನ ಮೇಲೆ ಕುಳಿತಿರುತ್ತದೆ. ತಾಗಿದ ಕ್ಷಣದಲ್ಲಿ ಇಬ್ಬರು ಒತ್ತಿದರೆ ಸರಿಯುತ್ತಿದ್ದ ದೋಣಿ ಆಮೇಲೆ ಜಗ್ಗಿದರೂ ಅಲುಗದಿರುವುದು ಇದರಿಂದಲೇ. ಆಗ ಎಂಜಿನ್ ಜೋರು ಮಾಡುವುದಕ್ಕಿಂತ, ಸಣ್ಣ ದೋಣಿಯಲ್ಲಿ ಲಂಗರನ್ನು ಆಳದ ಕಡೆಗೆ ಒಯ್ದು ಹಾಕಿ ಹಗ್ಗ ಬಿಗಿದಿಟ್ಟು, ದೋಣಿ ವಾಲುವುದಾದರೆ ದಿಬ್ಬದ ಎತ್ತರದ ಕಡೆಗೆ ವಾಲುವಂತೆ ಭಾರವನ್ನು ಸರಿಸಿ, ನೀರಿಗಾಗಿ ಕಾಯುವುದು ಮೇಲು. ಆಳದ ಕಡೆಗೆ ವಾಲಿದ ದೋಣಿಯು ನೀರು ಏರುವಾಗ ಏಳುವ ಮೊದಲೇ ಒಳಗೆ ನೀರು ತುಂಬಿಸಿಕೊಳ್ಳುವ ಭಯವಿದೆ.

ಗಂಟೆಯ ಲೆಕ್ಕದ ಮೇಲೆ ತಿಥಿಯ ಲೆಕ್ಕವೂ ಇದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಸಣ್ಣದು. ಹುಣ್ಣಿಮೆಯ ಅತಿ ಎತ್ತರದ ನೀರಿನಲ್ಲಿ ದಿಬ್ಬ ಹತ್ತಿದ ಹಡಗಿಗೆ ಮುಂದಿನ ಪ್ರತಿ ಉಬ್ಬರವೂ ಮೊದಲಿಗಿಂತ ಕಡಿಮೆಯಾಗುತ್ತ ಹೋಗುವುದರಿಂದ, ಅದು ಹದಿನೈದು ದಿನ ಕಾಯಬೇಕಾಗಬಹುದು. ಇದಕ್ಕೆ ಮಗ್ಗುಲು ಬದಲಿಸಿದ ಉದಾಹರಣೆ ಅಳಿವೆಯದಲ್ಲ, ಸೂಯೆಜ್ ಕಾಲುವೆಯದು. 400 ಮೀಟರ್ ಉದ್ದದ ಎವರ್ ಗಿವನ್ ಹಡಗು 2021ರ ಮಾರ್ಚ್ 23ರಂದು, ಶುಕ್ಲ ಅಷ್ಟಮಿ ಕಳೆದ ಸ್ವಲ್ಪದರಲ್ಲೇ, ದಂಡೆಗೆ ನುಗ್ಗಿ ಸಿಕ್ಕಿಕೊಂಡಿತು. ಮಾರ್ಚ್ 28ರ ಹುಣ್ಣಿಮೆಯ ಮರುದಿನ, ಹೂಳು ತೆಗೆದು ಟಗ್ಗುಗಳು ಎಳೆದದ್ದರ ಜೊತೆಗೆ ದೊಡ್ಡ ಉಬ್ಬರದ ನೆರವೂ ಸಿಕ್ಕಿ, ಬಿಡುಗಡೆಯಾಯಿತು. ಅದು ಹೋಳಿ ಹುಣ್ಣಿಮೆ. ಬಾಗಲಕೋಟೆಯವರಿಗೆ ಆ ತಿಥಿ ಮರೆಯುವಂಥದ್ದಲ್ಲ.

ಈಗ ನಮ್ಮ ದೋಣಿಯನ್ನೇ ಅಷ್ಟಮಿಯ ದಿನಕ್ಕೆ ಒಯ್ಯೋಣ. ಉಬ್ಬರ 1.5, ಇಳಿತ 0.9 ಮೀಟರ್ ಎನ್ನಿ. ಸಣ್ಣ ಉಬ್ಬರದ ದಿನವೇ ಅಪಾಯವೆಂದು ನಾನು ಮೊದಲು ತಿಳಿದಿದ್ದೆ. ಲೆಕ್ಕ ಬೇರೆಯೇ ಹೇಳುತ್ತದೆ. ಆ ದಿನ ನೀರು 0.8 ಮೀಟರಿನವರೆಗೆ ಇಳಿಯುವುದೇ ಇಲ್ಲ. ದೋಣಿ ದಿನವಿಡೀ ದಿಬ್ಬದ ಮೇಲೆ ಹಾದುಹೋಗಬಹುದು, ಆದರೆ ಉಳಿಯುವ ಅಂತರ ಬರೀ 10 ಸೆಂ.ಮೀ. ಸಮುದ್ರದ ನೀರಿಗಿಂತ ಸಿಹಿನೀರು ಸುಮಾರು ಎರಡೂವರೆ ಪ್ರತಿಶತ ಹಗುರವಾದ್ದರಿಂದ, ಕಡಲಿನಿಂದ ನದಿಯೊಳಗೆ ಬಂದ ದೋಣಿ 3 ಸೆಂ.ಮೀ. ಹೆಚ್ಚು ಮುಳುಗುತ್ತದೆ. ಗಾಳಿಯ ಒತ್ತಡ ಸರಾಸರಿಗಿಂತ 1 ಹೆಕ್ಟೋಪಾಸ್ಕಲ್ ಏರಿದರೆ ನೀರು ಸುಮಾರು 1 ಸೆಂ.ಮೀ. ತಗ್ಗುತ್ತದೆ, ಕೋಷ್ಟಕದಲ್ಲಿ ಆ ದಿನದ ಹವೆ ಸೇರಿರುವುದಿಲ್ಲ. ಒತ್ತಡವು 7 ಹೆಕ್ಟೋಪಾಸ್ಕಲ್ ಹೆಚ್ಚಿದ್ದ ದಿನ, ಅಲೆಯೇ ಇಲ್ಲದ ತಿಳಿನೀರಿನಲ್ಲೂ, ಪೂರ್ಣ ಇಳಿತದ ಹೊತ್ತಿಗೆ ದೋಣಿಯ ತಳ ಉಸುಕನ್ನು ಮುಟ್ಟಿರುತ್ತದೆ.