ಸಂಜೆ ರೇಡಿಯೋದಿಂದ ಮೇಯರ್ ಕುರ್ಚಿಗೆ

ಕೆನಡಾದ ಟೊರೊಂಟೊದಲ್ಲಿ ಡಾನ್ ವ್ಯಾಲಿ ಪಾರ್ಕ್‌ವೇ ಅಂತ ಒಂದು ಹೆದ್ದಾರಿ ಇದೆ. ಊರ ಜನ ಅದಕ್ಕಿಟ್ಟಿರುವ ಹೆಸರು ಡಾನ್ ವ್ಯಾಲಿ ಪಾರ್ಕಿಂಗ್ ಲಾಟ್. ಸಂಜೆಯಾದರೆ ಅಲ್ಲಿ ಕಾರುಗಳು ಓಡುವುದಕ್ಕಿಂತ ನಿಲ್ಲುವುದೇ ಜಾಸ್ತಿ. ಹಾಗೆ ಸಿಕ್ಕಿಹಾಕಿಕೊಂಡವರಿಗೆ 2009ರಿಂದ 2014ರವರೆಗೆ ನ್ಯೂಸ್‌ಟಾಕ್ 1010 ರೇಡಿಯೋದಲ್ಲಿ ಜೊತೆ ಕೊಡುತ್ತಿದ್ದವರು, ಮುಂದೆ ಅದೇ ಊರಿನ ಮೇಯರ್ ಆದ ಜಾನ್ ಟೋರಿ. ಕಾರ್ಯಕ್ರಮದ ಹೆಸರು ಲೈವ್ ಡ್ರೈವ್.

ಟೋರಿ ಬೀದಿಯಿಂದ ಮೇಲೆ ಬಂದವರೇನಲ್ಲ. ಅಜ್ಜ ಕಟ್ಟಿದ ದೊಡ್ಡ ವಕೀಲಿ ಸಂಸ್ಥೆ ಮನೆಯಲ್ಲೇ ಇತ್ತು. ಓದುವ ದಿನಗಳಲ್ಲಿ, 1972ರಿಂದ, ರೋಜರ್ಸ್ ಕಂಪನಿಯ ರೇಡಿಯೋಗಳಲ್ಲಿ ಸುದ್ದಿಗಾರರಾಗಿದ್ದರು. ಆಮೇಲೆ ವಕೀಲಿಕೆ, ರಾಜಕೀಯ, ಅದೇ ರೋಜರ್ಸ್‌ನಲ್ಲಿ ದೊಡ್ಡ ಹುದ್ದೆ.

ಚುನಾವಣೆ ಮಾತ್ರ ಕೈಹಿಡಿಯಲಿಲ್ಲ. 2003ರಲ್ಲಿ ಮೇಯರ್ ಸ್ಥಾನಕ್ಕೆ ನಿಂತು ಡೇವಿಡ್ ಮಿಲ್ಲರ್ ಎದುರು ಸೋತರು. ಒಂಟಾರಿಯೊ ಪ್ರಾಂತ್ಯದಲ್ಲಿ ಕನ್ಸರ್ವೇಟಿವ್ ಪಕ್ಷದ ನಾಯಕರಾದರು. 2007ರಲ್ಲಿ ಧಾರ್ಮಿಕ ಶಾಲೆಗಳಿಗೆ ಸರ್ಕಾರದ ದುಡ್ಡು ಕೊಡುತ್ತೇನೆ ಅಂದರು. ಪಕ್ಷವೂ ಸೋತಿತು, ತಮ್ಮ ಸ್ವಂತ ಸೀಟೂ ಹೋಯಿತು. 2009ರ ಉಪಚುನಾವಣೆಯಲ್ಲಿ ಮತ್ತೆ ಸೋಲು. ರಾಜಕೀಯ ಮುಗಿಯಿತು ಅಂದುಕೊಂಡಾಗ ಸಿಕ್ಕಿದ್ದೇ ಆ ಸಂಜೆಯ ಮೈಕು.

ಅದೇ ಸ್ಟೇಷನ್ನಿನಲ್ಲಿ ಭಾನುವಾರ ಇನ್ನೊಂದು ಕಾರ್ಯಕ್ರಮ ಬರುತ್ತಿತ್ತು. ನಡೆಸುತ್ತಿದ್ದವರು ಆಗಿನ ಮೇಯರ್ ರಾಬ್ ಫೋರ್ಡ್ ಮತ್ತು ಅಣ್ಣ ಡಗ್. ಹಾಲಿ ಮೇಯರ್, ಮುಂದಿನ ಮೇಯರ್, ಇಬ್ಬರೂ ಒಂದೇ ಸ್ಟೇಷನ್ನಿನ ಗಿರಾಕಿಗಳು! ಇದನ್ನು ಬರೀ ಕಾಕತಾಳೀಯ ಅನ್ನಲು ನನಗೆ ಮನಸ್ಸಿಲ್ಲ.

ಯಾಕೆ ಅಂದರೆ, ಟೊರೊಂಟೊ ಮೇಯರ್ ಅವರನ್ನು ಜನರೇ ನೇರವಾಗಿ ಆರಿಸುತ್ತಾರೆ. ಆದರೆ ಆಗೆಲ್ಲ ಪಾಲಿಕೆಯ ಕೌನ್ಸಿಲ್‌ನಲ್ಲಿ ಅವರಿಗಿದ್ದದ್ದು 45ರಲ್ಲಿ ಒಂದೇ ವೋಟು. ಡ್ರಗ್ಸ್ ಹಗರಣದಲ್ಲಿ ಸಿಕ್ಕಿಬಿದ್ದ ಫೋರ್ಡ್ ಅವರ ಬಹುತೇಕ ಅಧಿಕಾರವನ್ನು 2013ರ ನವೆಂಬರ್‌ನಲ್ಲಿ ಕೌನ್ಸಿಲರ್‌ಗಳೇ ವೋಟು ಹಾಕಿ ಕಿತ್ತುಕೊಂಡರು. ಅಂಥ ಕುರ್ಚಿಯಲ್ಲಿ ಕೂತವರಿಗೆ ಬಾಯಿಯೇ ಬಂಡವಾಳ. ಮಾತಾಡಬೇಕು, ಒಲಿಸಬೇಕು.

2014ರ ಅಕ್ಟೋಬರ್‌ನಲ್ಲಿ ಡಗ್ ಫೋರ್ಡ್ ಮತ್ತು ಒಲಿವಿಯಾ ಚೌ ಅವರನ್ನು ಸೋಲಿಸಿ ಟೋರಿ ಗೆದ್ದರು. ಮೊದಲು ಕೈಹಾಕಿದ ಕೆಲಸಗಳಲ್ಲಿ ಒಂದು ಯಾವುದು ಗೊತ್ತಾ? ಟ್ರಾಫಿಕ್ ಜಾಸ್ತಿ ಇರುವ ಹೊತ್ತಲ್ಲಿ ಮುಖ್ಯ ರಸ್ತೆಗೆ ಅಡ್ಡ ನಿಲ್ಲಿಸಿದ ಗಾಡಿಗಳನ್ನು ಎಳೆದೊಯ್ಯುವುದು. ಸಂಜೆ ರೇಡಿಯೋ ಕೇಳಿದವರಿಗೆ ಇದು ಎಲ್ಲಿಂದ ಬಂತು ಅಂತ ಬಿಡಿಸಿ ಹೇಳಬೇಕಿಲ್ಲ ಅಲ್ವಾ.

2017ರ ಮೆಟ್ಟಿಲಿನ ಕಥೆ ಇನ್ನೂ ಮಜಾ. ಟಾಮ್ ರೈಲಿ ಪಾರ್ಕ್‌ನ ಇಳಿಜಾರಿಗೆ ಎಂಟು ಮೆಟ್ಟಿಲು ಬೇಕಿತ್ತು. ಪಾಲಿಕೆ ಹಾಕಿದ ಅಂದಾಜು 65,000ದಿಂದ 1,50,000 ಡಾಲರ್. ನಿವೃತ್ತ ಮೆಕ್ಯಾನಿಕ್ ಒಬ್ಬರು 550 ಡಾಲರ್‌ನಲ್ಲಿ ಮರದ ಮೆಟ್ಟಿಲು ಹೊಡೆದು ನಿಲ್ಲಿಸಿಬಿಟ್ಟರು! ಪಾಲಿಕೆಯ ಅಂದಾಜು ಹುಚ್ಚುತನ ಅಂತ ಟೋರಿ ಒಪ್ಪಿಕೊಂಡರು, ಆದರೆ ಸುರಕ್ಷಿತವಲ್ಲದ ಮೆಟ್ಟಿಲನ್ನು ಹಾಗೇ ಬಿಡಲಾಗದು ಅಂತಲೂ ಅಂದರು. ಕೊನೆಗೆ ಅದನ್ನು ಕಿತ್ತು, ಸುಮಾರು 10,000 ಡಾಲರ್‌ಗೆ ಪಾಲಿಕೆಯೇ ಹೊಸದು ಕಟ್ಟಿತು. ದೂರಿದವರಿಗೂ ಹೌದು, ಅಧಿಕಾರಿಗಳಿಗೂ ಹೌದು. ಟಾಕ್ ರೇಡಿಯೋದವರ ವರಸೆಯೇ ಇದು.

2018ರಲ್ಲಿ ಒಂಟಾರಿಯೊ ಪ್ರೀಮಿಯರ್ (ನಮ್ಮಲ್ಲಿ ಮುಖ್ಯಮಂತ್ರಿ ಇದ್ದ ಹಾಗೆ) ಆಗಿದ್ದ ಅದೇ ಡಗ್ ಫೋರ್ಡ್, ಚುನಾವಣೆ ನಡುವೆಯೇ ವಾರ್ಡುಗಳನ್ನು 25ಕ್ಕೆ ಇಳಿಸಿದರು. ಟೋರಿ ಆ ವರ್ಷವೂ ಗೆದ್ದರು, 2022ರಲ್ಲೂ ಗೆದ್ದರು. 2022ರಲ್ಲೇ ಪ್ರಾಂತ್ಯ ಸರ್ಕಾರದ ಹೊಸ ಕಾನೂನೂ ಬಂತು. ಕೆಲವು ವಿಷಯಗಳಲ್ಲಿ ಕೌನ್ಸಿಲ್‌ನ ಮೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು ವೋಟು ಇದ್ದರೆ ಸಾಕು, ಮೇಯರ್ ನಿರ್ಣಯ ಪಾಸು. ಬಹುಮತ ಬೇಕಿಲ್ಲ. ಇದನ್ನು ಕೇಳಿದ್ದು ತಾವೇ ಅಂತ ಟೋರಿ ಒಪ್ಪಿಕೊಂಡರು. ಮಾತಿನಿಂದಲೇ ಗೆದ್ದು ಬಂದವರು ಮಾತೇ ಬೇಡದ ದಾರಿ ಕೇಳಿದ್ದು ನನಗೆ ಇವತ್ತಿಗೂ ವಿಚಿತ್ರ.

ಆ ಅಧಿಕಾರ ಹೆಚ್ಚು ದಿನ ಅವರ ಕೈಯಲ್ಲಿ ಉಳಿಯಲಿಲ್ಲ. ತಮ್ಮ ಕಚೇರಿಯಲ್ಲಿ ಕೆಲಸ ಮಾಡಿದ್ದ ಮಹಿಳೆಯೊಬ್ಬರ ಜೊತೆ ಸಂಬಂಧವಿತ್ತೆಂದು ಟೊರೊಂಟೊ ಸ್ಟಾರ್ ವರದಿ ಮಾಡಿದ ದಿನವೇ, 2023ರ ಫೆಬ್ರವರಿ 10ರಂದು, ತಪ್ಪೊಪ್ಪಿಕೊಂಡು ರಾಜೀನಾಮೆ ಘೋಷಿಸಿದರು. ಜೂನ್‌ನ ಉಪಚುನಾವಣೆಗೆ 102 ಮಂದಿ ನಿಂತರು. ಗೆದ್ದವರು, 2014ರಲ್ಲಿ ಮೂರನೇ ಸ್ಥಾನಕ್ಕೆ ಇಳಿದಿದ್ದ ಒಲಿವಿಯಾ ಚೌ. ಅಲ್ಪಮತದಲ್ಲಿ ನಿರ್ಣಯ ಪಾಸು ಮಾಡುವ ಅಧಿಕಾರ ತಮಗೆ ಬೇಡ ಅಂತ ಅವರು ಪ್ರಚಾರದಲ್ಲೇ ಹೇಳಿದ್ದರು.