‘ಪುಟ್ ಆಫ್’ ಎಂದು ಆಫೀಸಿನ ಮೇಲ್‌ನಲ್ಲಿ ಬರೆಯಬಹುದೇ?

ಪ್ರಶ್ನೆ: ಮೇಡಂ, ಮೀಟಿಂಗನ್ನು ಮುಂದೂಡಿ ಎನ್ನಲು ‘ಪುಟ್ ಆಫ್ ದ ಮೀಟಿಂಗ್’ ಸರಿಯೋ, ‘ಪುಟ್ ದ ಮೀಟಿಂಗ್ ಆಫ್’ ಸರಿಯೋ? ಫ್ರೇಸಲ್ ವರ್ಬ್‌ಗಳೆಲ್ಲ (ಕ್ರಿಯಾಪದಕ್ಕೆ ‘ಆಫ್’, ‘ಅಪ್’ ಮುಂತಾದ ಸಣ್ಣ ಪದ ಸೇರಿ ಬೇರೆ ಅರ್ಥ ಕೊಡುವ ಜೋಡಿಗಳು) ಆಡುಮಾತು, ಆಫೀಸಿನ ಮೇಲ್‌ನಲ್ಲಿ ಅವುಗಳನ್ನು ಬಳಸಲೇಬಾರದು ಎಂದು ನಮ್ಮ ಟೀಮ್ ಲೀಡ್ ಹೇಳುತ್ತಾರೆ. ಇದು ನಿಜವೇ?

ಬೆಂಗಳೂರಿನ ವಿಜಯನಗರದಲ್ಲಿ ಶನಿವಾರ, ಭಾನುವಾರ ಇಂಗ್ಲಿಷ್ ತರಗತಿ ನಡೆಸುವ ನನಗೆ ಪ್ರತಿ ಹೊಸ ಬ್ಯಾಚಿನಲ್ಲಿಯೂ ಈ ಎರಡು ಪ್ರಶ್ನೆಗಳು ಜೊತೆಯಾಗಿಯೇ ಎದುರಾಗುತ್ತವೆ. ಮೊದಲನೆಯದಕ್ಕೆ ಉತ್ತರ ಸುಲಭ: ಎರಡೂ ಸರಿ. ಆದರೆ ಮೀಟಿಂಗಿನ ಜಾಗದಲ್ಲಿ ‘ಇಟ್’ ಎಂಬ ಸರ್ವನಾಮ ಬಂದರೆ ಅದು ನಡುವೆಯೇ ಕೂರಬೇಕು. ‘ಪುಟ್ ಇಟ್ ಆಫ್’ ಎನ್ನಬೇಕೇ ಹೊರತು ‘ಪುಟ್ ಆಫ್ ಇಟ್’ ಎನ್ನುವಂತಿಲ್ಲ. ‘ಲುಕ್ ಆಫ್ಟರ್’, ‘ಲುಕ್ ಇನ್‌ಟು’ ಮುಂತಾದ ಜೋಡಿಗಳನ್ನು ಹೀಗೆ ಬಿಡಿಸಲು ಬರುವುದಿಲ್ಲ, ಅಲ್ಲಿ ಸರ್ವನಾಮಕ್ಕೂ ಕೊನೆಯ ಸ್ಥಾನವೇ. ಯಾವುದನ್ನು ಬಿಡಿಸಬಹುದು ಎಂಬುದನ್ನು ಬಹುಮಟ್ಟಿಗೆ ಕಿವಿಯಿಂದಲೇ ಗುರುತಿಸಬಹುದು. ‘ಪುಟ್ ಇಟ್ ಆಫ್’ ಎನ್ನುವಾಗ ದನಿಯ ಒತ್ತು ‘ಆಫ್’ ಮೇಲೆ ಬೀಳುತ್ತದೆ, ‘ಲುಕ್ ಆಫ್ಟರ್ ಹರ್’ ಎನ್ನುವಾಗ ‘ಲುಕ್’ ಮೇಲೆ ಬೀಳುತ್ತದೆ. ಎರಡನ್ನೂ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ.

ಇನ್ನು ಟೀಮ್ ಲೀಡ್ ಅವರ ಮಾತು. ಇದನ್ನು ನಾನು ಎಷ್ಟು ಬಾರಿ ತಿದ್ದಿದ್ದೇನೆಂಬ ಲೆಕ್ಕ ನನಗೇ ಸಿಗದು. ಆದರೂ ಶಾಲೆಯಿಂದ ಕಾಲೇಜಿಗೆ, ಕಾಲೇಜಿನಿಂದ ಕಚೇರಿಗೆ ಅದು ಹಾಗೆಯೇ ಸಾಗಿ ಬರುತ್ತಿದೆ. ಆದ್ದರಿಂದ ಈ ಸಲ ಭಾರತದ ಸಂವಿಧಾನವನ್ನೇ ಸಾಕ್ಷಿಗೆ ಕರೆಯುತ್ತೇನೆ. ಮೂಲಭೂತ ಹಕ್ಕುಗಳನ್ನು ಕಾಪಾಡುವ 13(2)ನೆಯ ವಿಧಿಯ ಇಂಗ್ಲಿಷ್ ಪಠ್ಯವನ್ನು ತೆರೆದು ನೋಡಿ. ಹಕ್ಕುಗಳನ್ನು ಕಿತ್ತುಕೊಳ್ಳುವ ಅಥವಾ ಮೊಟಕುಗೊಳಿಸುವ ಕಾನೂನನ್ನು ಪ್ರಭುತ್ವವು ಮಾಡಕೂಡದು ಎನ್ನುವಲ್ಲಿ ‘ಟೇಕ್ಸ್ ಅವೇ ಆರ್ ಅಬ್ರಿಜಸ್’ ಎಂದಿದೆ. ‘ಅಬ್ರಿಜ್’ ಎಂಬ ಗಂಭೀರ ಪದದ ಪಕ್ಕದಲ್ಲಿ, ಅದಕ್ಕಿಂತ ಮೊದಲೇ, ‘ಟೇಕ್ ಅವೇ’ ಕುಳಿತಿದೆ. 356ನೆಯ ವಿಧಿಯಲ್ಲಿ ರಾಜ್ಯದ ಆಡಳಿತವನ್ನು ಸಂವಿಧಾನಕ್ಕೆ ಅನುಗುಣವಾಗಿ ನಡೆಸಲಾಗದ ಪರಿಸ್ಥಿತಿಯನ್ನು ವಿವರಿಸಲು ‘ಕ್ಯಾನಾಟ್ ಬಿ ಕ್ಯಾರೀಡ್ ಆನ್’ ಎಂಬ ಮಾತಿದೆ. 1989ರಲ್ಲಿ ನಮ್ಮ ರಾಜ್ಯದ ಎಸ್. ಆರ್. ಬೊಮ್ಮಾಯಿ ಅವರ ಸರ್ಕಾರ ವಜಾಗೊಂಡದ್ದು ಈ ವಿಧಿಯ ಅಡಿಯಲ್ಲಿಯೇ, 1994ರಲ್ಲಿ ಸುಪ್ರೀಂ ಕೋರ್ಟು ತನ್ನ ಹೆಸರಾಂತ ತೀರ್ಪಿನಲ್ಲಿ ಅರ್ಥೈಸಿದ್ದೂ ಈ ವಿಧಿಯನ್ನೇ. ಒಂದು ಸರ್ಕಾರದ ಅಳಿವು ಉಳಿವನ್ನು ನಿರ್ಣಯಿಸುವ ವಾಕ್ಯದಲ್ಲಿ ನಿಲ್ಲಬಲ್ಲ ಪದಕ್ಕೆ ನಮ್ಮ ಮೀಟಿಂಗಿನ ಮೇಲ್‌ನಲ್ಲಿ ಪ್ರವೇಶವಿಲ್ಲ ಎನ್ನುವುದು ಯಾವ ನ್ಯಾಯ?

ಸಾಲದಿದ್ದರೆ 1961ರ ಆದಾಯ ತೆರಿಗೆ ಕಾಯ್ದೆಯನ್ನು ನೋಡಬಹುದು. ಅದರ ಆರನೆಯ ಅಧ್ಯಾಯದ ಶೀರ್ಷಿಕೆಯಲ್ಲಿಯೇ ‘ಸೆಟ್ ಆಫ್’, ‘ಕ್ಯಾರಿ ಫಾರ್ವರ್ಡ್’ ಎರಡೂ ಇದ್ದವು. 1947ರ ಕೈಗಾರಿಕಾ ವಿವಾದಗಳ ಕಾಯ್ದೆ ‘ಲೇ ಆಫ್’ ಎಂಬುದಕ್ಕೆ ವ್ಯಾಖ್ಯಾನವನ್ನೇ ಕೊಟ್ಟಿತ್ತು. ವಸೂಲಾಗದ ಸಾಲವನ್ನು ಲೆಕ್ಕದಿಂದ ತೆಗೆಯುವುದಕ್ಕೆ ಬ್ಯಾಂಕಿನವರು ‘ರೈಟ್ ಆಫ್’ ಎನ್ನದೆ ಬೇರೇನೂ ಹೇಳಲಾರರು.

ಈ ತಪ್ಪು ತಿಳಿವಳಿಕೆಗೆ ಒಂದು ಹಿನ್ನೆಲೆಯುಂಟು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನಕ್ಕೂ ನ್ಯಾಯಾಲಯಕ್ಕೂ ಫ್ರೆಂಚ್ ಬಂತು. ಫ್ರೆಂಚ್ ಮತ್ತು ಲ್ಯಾಟಿನ್ ಮೂಲದ ‘ಪೋಸ್ಟ್‌ಪೋನ್’, ‘ಟಾಲರೇಟ್’ ಮೊದಲಾದ ಪದಗಳಿಗೆ ಕಾಲಕ್ರಮದಲ್ಲಿ ಪಂಡಿತರ ಗೌರವ ದಕ್ಕಿತು, ಹಳೆಯ ‘ಪುಟ್’, ‘ಗೆಟ್’, ‘ಟೇಕ್’ಗಳು ಮನೆಮಾತಿನವಾಗಿ ಉಳಿದವು. ಕನ್ನಡದಲ್ಲಿಯೂ ಸಂಸ್ಕೃತದ ಪದ ಬಂದರೆ ವಾಕ್ಯಕ್ಕೆ ಗಾಂಭೀರ್ಯ ಬಂದಿತೆಂದು ಭಾವಿಸುವವರಿದ್ದಾರೆ. ಆದರೆ ಹೈಕೋರ್ಟು ಅರ್ಜಿಯನ್ನು ‘ತಳ್ಳಿಹಾಕಿತು’, ಕೆಳಗಿನ ನ್ಯಾಯಾಲಯದ ತೀರ್ಪನ್ನು ‘ಎತ್ತಿಹಿಡಿಯಿತು’ ಎಂದು ಪತ್ರಿಕೆಯಲ್ಲಿ ಓದುವಾಗ ಅದು ಆಡುಮಾತೆಂದು ಯಾರಿಗೂ ಅನ್ನಿಸುವುದಿಲ್ಲ. ‘ಮಾಡಿ ನೋಡು’ ಎಂಬಲ್ಲಿ ಕಣ್ಣಿಗೆ ಕೆಲಸವಿಲ್ಲ, ‘ಅಮ್ಮನನ್ನು ನೋಡಿಕೋ’ ಎಂಬಲ್ಲಿ ಬರಿಯ ನೋಟದಿಂದ ಕೆಲಸವಾಗುವುದಿಲ್ಲ. ಸಣ್ಣ ಕ್ರಿಯಾಪದಗಳನ್ನು ಕೂಡಿಸಿ ಹೊಸ ಅರ್ಥ ಹುಟ್ಟಿಸುವುದು ಕನ್ನಡಿಗರಿಗೆ ಹುಟ್ಟಿನಿಂದಲೇ ಬಂದ ವಿದ್ಯೆ. ಫ್ರೇಸಲ್ ವರ್ಬ್ ಕಂಡು ಹೆದರುವ ಅಗತ್ಯ ನಮಗಂತೂ ಇಲ್ಲ. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ಪ್ರಕಟಿಸಿದ ತನ್ನ ನಿಘಂಟಿನ ಮುನ್ನುಡಿಯಲ್ಲಿ, ಇಂಗ್ಲಿಷ್ ಕಲಿಯುವ ವಿದೇಶಿಯರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಈ ಜೋಡಿಗಳೇ ಎಂದಿದ್ದಾನೆ. ಕನ್ನಡದ ಮಕ್ಕಳ ಮಟ್ಟಿಗೆ ಅದು ಪೂರ್ತಿ ಒಪ್ಪುವ ಮಾತಲ್ಲವೆಂದು ನಾನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತೇನೆ.

‘ಮೆಸ್ ಅಪ್’, ‘ಚಿಲ್ ಔಟ್’ ಮುಂತಾದ ಕೆಲವು ನಿಜಕ್ಕೂ ಹರಟೆಯ ಪದಗಳು, ಅವು ಮೇಲ್‌ಗೆ ಬೇಡ. ಆದರೆ ಕೆಲವನ್ನು ಕಂಡು ಎಲ್ಲವನ್ನೂ ಬಹಿಷ್ಕರಿಸಿದರೆ ಏನಾಗುತ್ತದೆಂಬುದಕ್ಕೆ ನನ್ನ ವಿದ್ಯಾರ್ಥಿಯೊಬ್ಬ ಬರೆದ ರಜಾ ಅರ್ಜಿಯೇ ಉದಾಹರಣೆ. ‘ಲುಕ್ ಆಫ್ಟರ್’ ಆಡುಮಾತೆಂದು ಯಾರೋ ಹೇಳಿದ್ದರಿಂದ ಆತ ನಿಘಂಟು ಹುಡುಕಿ, ಆಸ್ಪತ್ರೆಯಲ್ಲಿದ್ದ ತಾಯಿಯನ್ನು ‘ಸೂಪರ್‌ವೈಸ್’ ಮಾಡಬೇಕಾಗಿದೆ ಎಂದು ಬರೆದಿದ್ದ. ತಾಯಿಯ ಶುಶ್ರೂಷೆಗೆ ನಿಂತ ಮಗ ಆ ಒಂದು ಪದದಿಂದ ಮೇಸ್ತ್ರಿಯಾಗಿಬಿಟ್ಟಿದ್ದ. ‘ಲುಕ್ ಆಫ್ಟರ್’ ಎಂದೇ ತಿದ್ದಿಸಿ ಕಳುಹಿಸಿದೆ.

ಇಷ್ಟು ಹೇಳಿದ ಮೇಲೆ, ಯಾರೂ ಕೇಳದಿದ್ದರೂ ಕೇಳಬೇಕಾಗಿದ್ದ ಒಂದು ವಿಷಯವನ್ನೂ ಹೇಳಬೇಕು. ನಿಮ್ಮ ಮೀಟಿಂಗನ್ನು ನಿಗದಿಗಿಂತ ಬೇಗ ನಡೆಸುವುದಾದರೆ ಏನೆಂದು ಬರೆಯುತ್ತೀರಿ? ‘ಪ್ರಿಪೋನ್’ ನಮ್ಮ ದೇಶದಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ, ಆದರೆ ಲಂಡನ್ನಿನ ಕ್ಲೈಂಟಿಗೆ ಅದು ಪರಿಚಯದ ಪದವಾಗಿರಲಿಕ್ಕಿಲ್ಲ. ಅಲ್ಲಿನವರು ಅದಕ್ಕೆ ‘ಬ್ರಿಂಗ್ ಫಾರ್ವರ್ಡ್’ ಎನ್ನುತ್ತಾರೆ. ಕನ್ನಡಿಗರು ಎಡವುವುದು ಇಲ್ಲಿಯೇ. ನಮಗೆ ‘ಮುಂದೂಡು’, ‘ಮುಂದಕ್ಕೆ ಹಾಕು’ ಎಂದರೆ ತಡಮಾಡುವುದು, ಸಭೆಯನ್ನು ಮುಂದಿನ ದಿನಗಳತ್ತ ತಳ್ಳುವುದು. ಇಂಗ್ಲಿಷಿನಲ್ಲಿ ‘ಬ್ರಿಂಗ್ ಫಾರ್ವರ್ಡ್’ ಎಂದರೆ ಸಭೆಯನ್ನೇ ನಮ್ಮ ಕಡೆಗೆ ಎಳೆದುಕೊಳ್ಳುವುದು, ಅಂದರೆ ಬೇಗ ನಡೆಸುವುದು. ತಡಮಾಡುವುದಕ್ಕೆ ಅವರು ‘ಪುಶ್ ಬ್ಯಾಕ್’, ಹಿಂದಕ್ಕೆ ತಳ್ಳು, ಎನ್ನುತ್ತಾರೆ. ಎರಡು ಭಾಷೆಗಳಲ್ಲಿ ದಿಕ್ಕು ಪೂರ್ತಿ ಅದಲುಬದಲು.

ನನ್ನ ತರಗತಿಯ ಹುಡುಗಿಯೊಬ್ಬಳಿಗೆ ಬುಧವಾರದ ಸಂದರ್ಶನವನ್ನು ಎರಡು ದಿನ ‘ಬ್ರಿಂಗ್ ಫಾರ್ವರ್ಡ್’ ಮಾಡಲಾಗಿದೆ ಎಂಬ ಮೇಲ್ ಬಂದಿತ್ತು. ಅವಳು ಶುಕ್ರವಾರ ಬೆಳಿಗ್ಗೆ ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಊರಿನ ಈ ತುದಿಯಿಂದ ವೈಟ್‌ಫೀಲ್ಡಿನವರೆಗೂ ಹೋದಳು. ಸಂದರ್ಶನ ಸೋಮವಾರವೇ ಮುಗಿದಿತ್ತು. ಆ ಭಾನುವಾರ ಅವಳು ಫೋನಿನಲ್ಲಿ ಆ ಮೇಲ್ ತೋರಿಸಿ, “ಮುಂದಕ್ಕೆ ಅಂತಾನೇ ಇದೆಯಲ್ಲ ಮೇಡಂ” ಎಂದಾಗ, ಈ ಜೋಡಿಯನ್ನು ತರಗತಿಯಲ್ಲಿ ಮೊದಲೇ ಹೇಳಿಕೊಡದಿದ್ದುದಕ್ಕೆ ನನಗೆ ಬಹಳ ಬೇಸರವಾಯಿತು. ಅಂದಿನಿಂದ ಮೊದಲ ತರಗತಿಯಲ್ಲಿಯೇ ಬೋರ್ಡಿನ ನಡುವೆ ಬುಧವಾರ ಎಂದು ಬರೆದು, ‘ಬ್ರಿಂಗ್ ಫಾರ್ವರ್ಡ್’ ಎಂದು ಸೋಮವಾರದ ಕಡೆಗೂ, ‘ಪುಶ್ ಬ್ಯಾಕ್’ ಎಂದು ಶುಕ್ರವಾರದ ಕಡೆಗೂ ಬಾಣ ಎಳೆಯುತ್ತೇನೆ. ನೀವು ಮೇಲ್ ಬರೆಯುವಾಗ ಹಳೆಯ ದಿನಾಂಕದ ಜೊತೆಗೆ ಹೊಸ ದಿನಾಂಕವನ್ನೂ ಸೇರಿಸಿ ಬರೆಯಿರಿ.