ನ್ಯೂ ಡೀಲ್: ಪರಿಹಾರ, ಚೇತರಿಕೆ, ಸುಧಾರಣೆ

‘ನ್ಯೂ ಡೀಲ್ ಕಾಯ್ದೆ’ ಎಂದು ಕೆಲವರು ಬರೆಯುವುದುಂಟು. ಅಂಥದೊಂದು ಕಾಯ್ದೆ ಅಮೆರಿಕದಲ್ಲಿ ಯಾವತ್ತೂ ಇರಲಿಲ್ಲ. 1929ರ ಷೇರುಪೇಟೆ ಕುಸಿತದ ಬೆನ್ನಿಗೆ ಬಂದ ಮಹಾ ಆರ್ಥಿಕ ಕುಸಿತವನ್ನು ಎದುರಿಸಲು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಆಡಳಿತ 1933ರಿಂದ 1939ರ ಸುಮಾರಿಗೆ ತಂದ ಹತ್ತಾರು ಕಾಯ್ದೆ, ಆದೇಶ, ಸಂಸ್ಥೆಗಳಿಗೆಲ್ಲ ಸೇರಿ ಇರುವ ಹೆಸರು ‘ನ್ಯೂ ಡೀಲ್’. ಒಂದಕ್ಕೊಂದು ತಾಳೆಯಾಗದ ಕ್ರಮಗಳೂ ಅದರಲ್ಲಿವೆ. 1933ರ ಮಾರ್ಚ್‌ನಲ್ಲಿ ಸರ್ಕಾರಿ ನೌಕರರ ಸಂಬಳ ಕತ್ತರಿಸಿದ ಸರ್ಕಾರವೇ ಮೇ ತಿಂಗಳಲ್ಲಿ ರಾಜ್ಯಗಳ ಬಡವರ ಪರಿಹಾರಕ್ಕೆ 50 ಕೋಟಿ ಡಾಲರ್ ತೆಗೆದಿಟ್ಟಿತು.

ಪಠ್ಯಪುಸ್ತಕಗಳು ಇವನ್ನೆಲ್ಲ ಪರಿಹಾರ, ಚೇತರಿಕೆ, ಸುಧಾರಣೆ ಎಂದು ಮೂರು ಪಾಲು ಮಾಡುತ್ತವೆ. ಈ ವಿಂಗಡಣೆ ಉಪಯುಕ್ತವೇ. ಆದರೆ ಯಾವುದೇ ಕಾರ್ಯಕ್ರಮ ನಿಜಕ್ಕೂ ಅರ್ಥವಾಗಬೇಕಾದರೆ ದುಡ್ಡು ಯಾರ ಕೈಗೆ ಹೋಯಿತು, ಯಾರು ಹೊರಗುಳಿದರು ಎಂದು ನೋಡಬೇಕು.

ರೂಸ್‌ವೆಲ್ಟ್ ಅಧಿಕಾರ ವಹಿಸಿಕೊಂಡದ್ದು 1933ರ ಮಾರ್ಚ್ 4ರಂದು. ಆಗ ದುಡಿಯುವವರಲ್ಲಿ ಹೆಚ್ಚುಕಡಿಮೆ ನಾಲ್ವರಲ್ಲಿ ಒಬ್ಬರಿಗೆ ಕೆಲಸವಿರಲಿಲ್ಲ. ಠೇವಣಿದಾರರು ಮುಗಿಬಿದ್ದು ಹಣ ತೆಗೆಯುತ್ತಿದ್ದುದರಿಂದ ಬಹುತೇಕ ರಾಜ್ಯಗಳು ಬ್ಯಾಂಕುಗಳನ್ನು ಮುಚ್ಚಿಸಿದ್ದವು, ಇಲ್ಲವೇ ಹಣ ತೆಗೆಯಲು ಮಿತಿ ಹಾಕಿದ್ದವು. ಹೀಗಾಗಿ ಮೊದಲ ಕೆಲಸ ಬ್ಯಾಂಕಿನದೇ ಆಯಿತು. ಮಾರ್ಚ್ 6ರಂದು ದೇಶದ ಎಲ್ಲ ಬ್ಯಾಂಕುಗಳಿಗೂ ರಜೆ. 9ರಂದು ತುರ್ತು ಬ್ಯಾಂಕಿಂಗ್ ಕಾಯ್ದೆ ಒಂದೇ ದಿನದಲ್ಲಿ ಎರಡೂ ಸದನ ದಾಟಿತು. 12ರ ರಾತ್ರಿ ಅಧ್ಯಕ್ಷರು ರೇಡಿಯೊದಲ್ಲಿ, ಬ್ಯಾಂಕು ಠೇವಣಿಯನ್ನು ಸಾಲವಾಗಿ ಕೊಟ್ಟಿರುತ್ತದೆ, ಎಲ್ಲರೂ ಒಟ್ಟಿಗೆ ಕೇಳಿದರೆ ಯಾವ ಬ್ಯಾಂಕಿನಲ್ಲೂ ಅಷ್ಟು ನಗದು ಇರುವುದಿಲ್ಲ ಎಂದು ಸರಳವಾಗಿ ವಿವರಿಸಿದರು. 13ರಂದು ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್‌ನ 12 ನಗರಗಳಲ್ಲಿ, 14ರಂದು ಕ್ಲಿಯರಿಂಗ್ ಹೌಸ್ (ಬ್ಯಾಂಕುಗಳು ತಮ್ಮ ನಡುವಣ ಚೆಕ್ಕುಗಳ ಲೆಕ್ಕ ತೀರಿಸಿಕೊಳ್ಳುವ ಕೇಂದ್ರ) ಇರುವ ಊರುಗಳಲ್ಲಿ, 15ರಿಂದ ಉಳಿದೆಡೆ ಗಟ್ಟಿಯಾದ ಬ್ಯಾಂಕುಗಳು ಬಾಗಿಲು ತೆರೆದವು. ದುರ್ಬಲವಾದವಕ್ಕೆ ಮೇಲ್ವಿಚಾರಕರು ಬಂದರು, ದಿವಾಳಿಯಾದವು ತೆರೆಯಲೇ ಇಲ್ಲ. ಜನ ಮನೆಯಲ್ಲಿ ಬಚ್ಚಿಟ್ಟಿದ್ದ ನಗದಿನಲ್ಲಿ ಅರ್ಧಕ್ಕಿಂತ ಹೆಚ್ಚು ಎರಡು ವಾರದೊಳಗೆ ಬ್ಯಾಂಕಿಗೆ ಮರಳಿತು. ಇಡೀ ನ್ಯೂ ಡೀಲ್‌ನಲ್ಲಿ ಇಷ್ಟು ಬೇಗ ಫಲ ಕೊಟ್ಟ ಕ್ರಮ ಇನ್ನೊಂದಿಲ್ಲ. ಆ ಜೂನ್‌ನಲ್ಲಿ ಬಂದ ಠೇವಣಿ ವಿಮೆ (ಬ್ಯಾಂಕು ಮುಳುಗಿದರೂ ಠೇವಣಿ ಮರಳುವ ಭರವಸೆ) 1934ರ ಜನವರಿ 1ರಿಂದ ಒಬ್ಬರಿಗೆ 2,500 ಡಾಲರ್‌ವರೆಗೆ ಜಾರಿಯಾಯಿತು, ಅದೇ ವರ್ಷ ಮಿತಿ 5,000ಕ್ಕೆ ಏರಿತು.

ಪರಿಹಾರದಲ್ಲಿ ಎರಡು ಬಗೆ: ನೇರ ನೆರವು ಮತ್ತು ಕೂಲಿ ಕೆಲಸ. ಪರಿಹಾರದ ಹೊಣೆ ಹೊತ್ತಿದ್ದ ಹ್ಯಾರಿ ಹಾಪ್ಕಿನ್ಸ್‌ಗೆ ಎರಡನೆಯದೇ ಇಷ್ಟ. 1933ರ ಚಳಿಗಾಲದಲ್ಲಿ ಅವರು ನಡೆಸಿದ ಸಿವಿಲ್ ವರ್ಕ್ಸ್ ಕಾರ್ಯಕ್ರಮ ಕೆಲವೇ ವಾರಗಳಲ್ಲಿ ಸುಮಾರು 40 ಲಕ್ಷ ಜನರಿಗೆ ಕೆಲಸ ಕೊಟ್ಟಿತು. ಖರ್ಚು ಹೆಚ್ಚಾಯಿತೆಂದು ವಸಂತದ ಹೊತ್ತಿಗೆ ಅದನ್ನು ನಿಲ್ಲಿಸಿದರು. ಯುವಕರಿಗಾಗಿ ಇದ್ದ ಸಿಸಿಸಿ (ಸಿವಿಲಿಯನ್ ಕನ್ಸರ್ವೇಷನ್ ಕೋರ್) ಎಂಬ ಸಂರಕ್ಷಣಾ ಪಡೆಯಲ್ಲಿ ತಿಂಗಳಿಗೆ 30 ಡಾಲರ್ ಸಂಬಳ, ಅದರಲ್ಲಿ ಸಾಮಾನ್ಯವಾಗಿ 25 ಡಾಲರ್ ನೇರ ಮನೆಗೆ. ಆಯ್ಕೆ ಕಾರ್ಮಿಕ ಇಲಾಖೆಯದು, ಶಿಬಿರ ಸೈನ್ಯದ್ದು, ಗಿಡ ನೆಡುವ, ಮಣ್ಣಿನ ಸವಕಳಿ ತಡೆಯುವ ಕೆಲಸ ಅರಣ್ಯ ಮತ್ತು ಉದ್ಯಾನ ಇಲಾಖೆಗಳದು. 1935ರಲ್ಲಿ ಶುರುವಾದ ಡಬ್ಲ್ಯುಪಿಎ (ವರ್ಕ್ಸ್ ಪ್ರೋಗ್ರೆಸ್ ಅಡ್ಮಿನಿಸ್ಟ್ರೇಷನ್) ಎಂಬ ಕೂಲಿ ಕೆಲಸದ ಸಂಸ್ಥೆ ಎಂಟು ವರ್ಷಗಳಲ್ಲಿ ಸುಮಾರು 85 ಲಕ್ಷ ಜನರನ್ನು ದುಡಿಸಿಕೊಂಡಿತು. ಅಲ್ಲಿ ಸೇರಲು ಸ್ಥಳೀಯ ಪರಿಹಾರ ಕಚೇರಿಯಿಂದ ಬಡತನದ ದೃಢೀಕರಣ ಬೇಕಿತ್ತು, ಸಾಮಾನ್ಯವಾಗಿ ಮನೆಗೆ ಒಬ್ಬರಿಗೇ ಅವಕಾಶ. ಮನೆಯ ಯಜಮಾನನೆಂದು ಗಂಡಸನ್ನೇ ಎಣಿಸುತ್ತಿದ್ದುದರಿಂದ ಮದುವೆಯಾದ ಹೆಂಗಸರಲ್ಲಿ ಬಹಳ ಮಂದಿ ಹೊರಗುಳಿದರು.

ಚೇತರಿಕೆಯ ಕಾರ್ಯಕ್ರಮಗಳೇ ಹೆಚ್ಚು ಎಡವಿದ್ದು. ಕೃಷಿ ಹೊಂದಾಣಿಕೆ ಕಾಯ್ದೆಯ ಲೆಕ್ಕ ಹೀಗಿತ್ತು: ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆ, ಬಿತ್ತನೆ ತಗ್ಗಿಸಿದ ರೈತನಿಗೆ ಸರ್ಕಾರ ಹಣ ಕೊಡುತ್ತದೆ, ಆ ಹಣವನ್ನು ಹಿಟ್ಟಿನ ಗಿರಣಿ, ಹತ್ತಿ ಗಿರಣಿಗಳಂಥ ಸಂಸ್ಕರಣೆದಾರರ ಮೇಲಿನ ತೆರಿಗೆಯಿಂದ ಎತ್ತುತ್ತದೆ. ಗುರಿ, ರೈತನ ಫಸಲಿಗೆ 1909–14ರಲ್ಲಿದ್ದ ಕೊಳ್ಳುವ ಶಕ್ತಿ ಮರಳಿಸುವುದು. ಕಾಯ್ದೆ ಮೇ ತಿಂಗಳಲ್ಲಿ ಬರುವಷ್ಟರಲ್ಲಿ ಹತ್ತಿ ಬಿತ್ತನೆ ಆಗಿಹೋಗಿತ್ತು, ಹಂದಿಗಳು ಮರಿ ಹಾಕಿದ್ದವು. ಹಾಗಾಗಿ ಸುಮಾರು 1 ಕೋಟಿ ಎಕರೆ ಹತ್ತಿಯನ್ನು ಉತ್ತು ಹಾಕಿಸಿದರು, ಸುಮಾರು 60 ಲಕ್ಷ ಹಂದಿಮರಿಗಳನ್ನು ಕೊಲ್ಲಿಸಿದರು. ಜನ ಹಸಿದಿರುವಾಗ ಇದೆಂಥ ನೀತಿ ಎಂಬ ಸಿಟ್ಟು ಎದ್ದಮೇಲೆ, ಹೆಚ್ಚುವರಿ ಆಹಾರವನ್ನು ಕೊಂಡು ಬಡವರಿಗೆ ಹಂಚಲು ಬೇರೆಯೇ ಸಂಸ್ಥೆ ಬಂತು. ದಕ್ಷಿಣದ ರಾಜ್ಯಗಳಲ್ಲಿ ಇನ್ನೂ ದೊಡ್ಡ ತಪ್ಪಾಯಿತು. ಹಣ ಜಮೀನಿನ ಒಡೆಯನಿಗೆ ಹೋಗುತ್ತಿತ್ತು, ಗೇಣಿದಾರನ ಪಾಲು ಕೊಡುವುದು ಅವನ ಹೊಣೆ. ಬಿತ್ತನೆಯೇ ಕಡಿಮೆಯಾದಾಗ ಗೇಣಿದಾರ ಬೇಡವಾದ. ಎಷ್ಟೋ ಒಡೆಯರು ಹಣ ಇಟ್ಟುಕೊಂಡು ಕುಟುಂಬಗಳನ್ನು ಒಕ್ಕಲೆಬ್ಬಿಸಿದರು, ಅವರಲ್ಲಿ ಕಪ್ಪು ಜನ ಬಹಳ.

ಕೈಗಾರಿಕೆಗಳಿಗೆ ಬೆಲೆ, ಕೂಲಿ, ಕೆಲಸದ ಅವಧಿಯ ಸಂಹಿತೆ ಹೇರಿದ ಎನ್‌ಆರ್‌ಎ (ರಾಷ್ಟ್ರೀಯ ಚೇತರಿಕೆ ಆಡಳಿತ) ವ್ಯವಸ್ಥೆಯನ್ನು ಸುಪ್ರೀಂ ಕೋರ್ಟ್ 1935ರ ಮೇ 27ರಂದು ಸರ್ವಾನುಮತದಿಂದ ರದ್ದು ಮಾಡಿತು. ಅದು ಬ್ರೂಕ್ಲಿನ್‌ನ ಕೋಳಿ ವ್ಯಾಪಾರಿಗಳು ಹೂಡಿದ ಮೇಲ್ಮನವಿ. ಕೃಷಿ ಕಾಯ್ದೆಯ ತೆರಿಗೆ ಮತ್ತು ಬೆಳೆ ನಿಯಂತ್ರಣ 1936ರ ಜನವರಿಯಲ್ಲಿ ಅದೇ ಕೋರ್ಟಿನಲ್ಲಿ ಬಿದ್ದವು. 1938ರ ಹೊಸ ಕೃಷಿ ಕಾಯ್ದೆ ಆ ತೆರಿಗೆಯನ್ನು ಕೈಬಿಟ್ಟು ಸಾಮಾನ್ಯ ಬೊಕ್ಕಸದಿಂದ ಹಣ ಕೊಟ್ಟಿತು.

ಉಳಿದುಕೊಂಡದ್ದು ಹೆಚ್ಚಾಗಿ ಸುಧಾರಣೆ. ಠೇವಣಿ ವಿಮೆ, 1934ರ ಷೇರುಪೇಟೆ ನಿಯಂತ್ರಣ ಆಯೋಗ, ಕಾರ್ಮಿಕ ಸಂಘಗಳಿಗೆ ಮಾಲೀಕರೊಡನೆ ಸಾಮೂಹಿಕ ಚೌಕಾಸಿಯ ಹಕ್ಕು ಕೊಟ್ಟ 1935ರ ವ್ಯಾಗ್ನರ್ ಕಾಯ್ದೆ, ಗಂಟೆಗೆ 25 ಸೆಂಟ್ ಕನಿಷ್ಠ ಕೂಲಿ ನಿಗದಿಪಡಿಸಿದ 1938ರ ಕಾಯ್ದೆ ಈ ಸಾಲಿನವು.

ಎಲ್ಲಕ್ಕಿಂತ ದೊಡ್ಡದು 1935ರ ಆಗಸ್ಟ್ 14ರ ಸಾಮಾಜಿಕ ಭದ್ರತೆ ಕಾಯ್ದೆ. 1937ರಿಂದ ನೌಕರನಿಂದಲೂ ಮಾಲೀಕನಿಂದಲೂ ಶೇ 1ರಂತೆ, ವರ್ಷದ ಮೊದಲ 3,000 ಡಾಲರ್ ಸಂಬಳದ ಮೇಲೆ ತೆರಿಗೆ ಹಿಡಿದರು. ತಿಂಗಳ ಪಿಂಚಣಿ ಶುರುವಾದದ್ದು ಮಾತ್ರ 1940ರಲ್ಲಿ. ಈ ನಡುವಣ ಅಂತರ ದುಬಾರಿಯಾಯಿತು. 1937ರಲ್ಲಿ ಹೊಸ ತೆರಿಗೆ ಜನರ ಕೈಯಿಂದ ಹಣ ಸೆಳೆಯುತ್ತಿದ್ದಾಗಲೇ ಸರ್ಕಾರ ಪರಿಹಾರದ ಖರ್ಚು ಕಡಿತ ಮಾಡಿತು, ಬ್ಯಾಂಕುಗಳು ಕಡ್ಡಾಯವಾಗಿ ಇಡಬೇಕಾದ ಮೀಸಲು ಹಣದ ಪ್ರಮಾಣವನ್ನು ಫೆಡರಲ್ ರಿಸರ್ವ್ 1936ರ ಆಗಸ್ಟ್ ಮತ್ತು 1937ರ ಮೇ ನಡುವೆ ದುಪ್ಪಟ್ಟು ಮಾಡಿತು. ಇಳಿಯುತ್ತಿದ್ದ ನಿರುದ್ಯೋಗ ಮತ್ತೆ ಏರಿತು. 1938ರ ವಸಂತದಲ್ಲಿ ಖರ್ಚು ಮತ್ತೆ ಹೆಚ್ಚಿಸಿದರು. ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಈ ಪಿಂಚಣಿಯಿಂದ ಹೊರಗಿಟ್ಟಿದ್ದರು. ಅವರಲ್ಲಿ ಖಾಯಂ ಕೆಲಸದವರಿಗೆ ಬಾಗಿಲು ತೆರೆದದ್ದು 1950ರ ತಿದ್ದುಪಡಿ, ಇನ್ನಷ್ಟು ಹೊಲದ ಕೂಲಿಗಳು ಸೇರಿದ್ದು 1954ರಲ್ಲಿ.